ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ಸರಿಯಾದ ಪೇಟೆಗೆ ಹತ್ತಿ ಬರುವುದು ಹೇಗೆ?

ಚಿಕ್ಕಮ್ಮನ ಮಗಳ ಮದುವೆಗೆ ಸೀರೆ ತರೋಣ ಅಂತ ಒಂದು ಸಲ ಚಿಕ್ಕಪೇಟೆಗೆ ಹೊರಟೆವು. ಮೆಟ್ರೋ ಹತ್ತಿದ್ದೂ ಸುಲಭ, ಇಳಿದದ್ದೂ ಸುಲಭ. ಜನ ಯಾವ ಕಡೆ ಹೋದರೋ ಆ ಕಡೆ ನಾವೂ ಹೋಗಿ ಎಸ್ಕಲೇಟರ್ ಹತ್ತಿದೆವು. ಮೇಲೆ ಬಂದರೆ ಗುರುತಿನ ಅಂಗಡಿ ಒಂದೂ ಇಲ್ಲ. "ಇದು ಚಿಕ್ಕಪೇಟೆನೇ ಏನೇ?" ಅಂದರು ಚಿಕ್ಕಮ್ಮ. ಚಿಕ್ಕಪೇಟೆಯೇ. ನಾವು ಹೊರಬಿದ್ದ ಬಾಗಿಲು ಬೇರೆ, ಅಷ್ಟೇ. ಸೀರೆ ಅಂಗಡಿ ಸೇರುವ ಹೊತ್ತಿಗೆ ಮೂರು ಜನರ ಮೂರು ದಾರಿ ಕೇಳಿ, ಎರಡು ಎಳನೀರು ಕುಡಿದಾಗಿತ್ತು.

ನೆಲದ ಮೇಲಿನ ನಿಲ್ದಾಣಗಳಲ್ಲಿ ಈ ತಾಪತ್ರಯ ಕಡಿಮೆ. ರೈಲಿನಿಂದಲೇ ರಸ್ತೆ, ಮರ, ಬಸ್ಸು ಎಲ್ಲ ಕಾಣುತ್ತಿರುತ್ತೆ. ನೆಲದಡಿ ಹಾಗಲ್ಲ. ಬಿಸಿಲು ಯಾವ ಕಡೆ ಅಂತಲೂ ಗೊತ್ತಾಗಲ್ಲ. ಮೊಬೈಲಿನ ನಕ್ಷೆ ನೋಡಿದರೆ ನೀಲಿ ಚುಕ್ಕೆ ಎಲ್ಲೋ ಕುಣಿಯುತ್ತಿರುತ್ತೆ. ಅದಕ್ಕೇ ಈ ಬರಹ. ಊರಿಂದ ಮದುವೆ ಸಾಮಾನಿಗೆ ಬರುವವರಿಗೆ, ಬೆಂಗಳೂರಲ್ಲೇ ಇದ್ದೂ ಪೇಟೆ ಕಡೆ ತಲೆ ಹಾಕದವರಿಗೆ ಇದು ಉಪಯೋಗಕ್ಕೆ ಬರಬಹುದು.

1. ಹೊರಡುವ ಮುಂಚೆ: ನಿಮಗೆ ಬೇಕಾದದ್ದು ಯಾವ ಪೇಟೆ?

ಚಿಕ್ಕಪೇಟೆ ಅಂತ ನಾವು ಬಾಯಿಮಾತಿಗೆ ಹೇಳುವುದು ಹತ್ತಾರು ಪೇಟೆಗಳ ಗುಂಪನ್ನು. ಕೆಂಪೇಗೌಡರು 1537ರಲ್ಲಿ ಊರು ಕಟ್ಟಿಸಿದಾಗ ಎತ್ತುಗಳಿಗೆ ನೇಗಿಲು ಹೂಡಿ ನಾಲ್ಕು ದಿಕ್ಕಿಗೆ ಗೆರೆ ಎಳೆಸಿದರು ಅನ್ನೋ ಕತೆ ಕೇಳಿರುತ್ತೀರಿ. ಆ ಗೆರೆಗಳು ಕೂಡಿದ ಜಾಗವೇ ದೊಡ್ಡಪೇಟೆ ಚೌಕ. ಅಲ್ಲಿಂದ ಉತ್ತರ ದಕ್ಷಿಣಕ್ಕೆ ಹೋಗುವುದು ದೊಡ್ಡಪೇಟೆ, ಅಂದರೆ ಇವತ್ತಿನ ಅವೆನ್ಯೂ ರಸ್ತೆ. ಪೂರ್ವ ಪಶ್ಚಿಮಕ್ಕೆ ಹೋಗುವುದು ಚಿಕ್ಕಪೇಟೆ. ಈ ಕೂಡುರಸ್ತೆಯೊಂದು ತಲೆಯಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಸೀರೆ, ಬಟ್ಟೆಗೆ ಚಿಕ್ಕಪೇಟೆ ಮುಖ್ಯರಸ್ತೆ ಮತ್ತು ಅದರ ಗಲ್ಲಿಗಳು. ಪುಸ್ತಕ, ಅದರಲ್ಲೂ ಹಳೇ ಪಠ್ಯಪುಸ್ತಕ ಬೇಕಾದರೆ ಅವೆನ್ಯೂ ರಸ್ತೆ. ಒಡವೆಗೆ ಅದೇ ರಸ್ತೆಯ ರಾಜಾ ಮಾರ್ಕೆಟ್. ಮದುವೆ ಕಾಗದಕ್ಕೆ ಸುಲ್ತಾನ್‌ಪೇಟೆ. ತಬಲಾ, ಹಾರ್ಮೋನಿಯಂ ನೋಡುವವರು ಬಳೇಪೇಟೆ ಕಡೆ ಹೋಗಬೇಕು. ಕಂಪ್ಯೂಟರ್ ಬಿಡಿಭಾಗಕ್ಕೆ ಎಸ್.ಪಿ. ರಸ್ತೆ. ಅದು ಅವೆನ್ಯೂ ರಸ್ತೆಯನ್ನೂ ದಾಟಿ ಆಚೆಗೆ ಇದೆ, ಸ್ವಲ್ಪ ನಡೆಯಬೇಕು. ಧಾನ್ಯ, ಬೇಳೆ ಮೂಟೆ ಲೆಕ್ಕದಲ್ಲಿ ಬೇಕಾದರೆ ತರಗುಪೇಟೆ.

ಈಗ ಮುಖ್ಯವಾದ ಮಾತು. ಹೂವು, ತರಕಾರಿಗೆ ಬರುವವರು ಚಿಕ್ಕಪೇಟೆಯಲ್ಲಿ ಇಳಿಯಲೇಬೇಡಿ. ಮುಂದಿನ ನಿಲ್ದಾಣ ಕೃಷ್ಣರಾಜೇಂದ್ರ ಮಾರುಕಟ್ಟೆ, ಅಲ್ಲಿ ಇಳಿಯಿರಿ. ಟಿಪ್ಪು ಬೇಸಿಗೆ ಅರಮನೆ, ಕೋಟೆ ವೆಂಕಟರಮಣ ದೇವಸ್ಥಾನ, ವಾಣಿ ವಿಲಾಸ ಮತ್ತು ವಿಕ್ಟೋರಿಯಾ ಆಸ್ಪತ್ರೆಗಳಿಗೂ ಅದೇ ಹತ್ತಿರ. ಆಸ್ಪತ್ರೆಗೆ ಬಂದವರು ಚಿಕ್ಕಪೇಟೆಯಲ್ಲಿ ಇಳಿದು ಆಟೋ ಹುಡುಕುವುದನ್ನು ನಾನೇ ನೋಡಿದ್ದೇನೆ. ಒಂದು ನಿಲ್ದಾಣ ಕೂತಿದ್ದರೆ ಆಗುತ್ತಿತ್ತು.

ಎರಡು ಸಣ್ಣ ಸಲಹೆ. ಹೋಲ್‌ಸೇಲ್ ಅಂಗಡಿಗಳು ಭಾನುವಾರ ಹೆಚ್ಚಾಗಿ ಮುಚ್ಚಿರುತ್ತವೆ. ಹಬ್ಬದ ಮುಂಚಿನ ಭಾನುವಾರಗಳ ಮಾತು ಬೇರೆ. ಬೆಳಗ್ಗೆ ಹತ್ತೂವರೆಗೆ ಮುಂಚೆ ಬಂದರೂ ಸುಮ್ನೆ ಮೆಟ್ಟಿಲ ಮೇಲೆ ಕಾಯಬೇಕು, ಅಷ್ಟರಲ್ಲಿ ತಿಂಡಿ ಮುಗಿಸಿಕೊಳ್ಳಬಹುದು. ಬಳೇಪೇಟೆಯ ಉಡುಪಿ ಶ್ರೀಕೃಷ್ಣ ಭವನದ ಸಾಗು ಮಸಾಲೆ ದೋಸೆಗೆ ಅಂತಲೇ ಬೇಗ ಬರುವವರೂ ಇದ್ದಾರೆ. ನಾನೂ ಅವರಲ್ಲಿ ಒಬ್ಬ.

2. ಯಾವ ಕಡೆಯಿಂದ ಬಂದರೆ ಹೇಗೆ?

ಚಿಕ್ಕಪೇಟೆ ಇರುವುದು ಹಸಿರು ಮಾರ್ಗದಲ್ಲಿ. ಈ ಮಾರ್ಗದ ಒಂದು ತುದಿ ತುಮಕೂರು ರಸ್ತೆಯ ಮಾದಾವರ, ಇನ್ನೊಂದು ತುದಿ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆ.

ತುಮಕೂರು, ಶಿರಾ ಕಡೆಯಿಂದ ಬಸ್ಸಿನಲ್ಲಿ ಬರುವವರು ಮೆಜೆಸ್ಟಿಕ್ ತನಕ ಬಸ್ಸಿನಲ್ಲೇ ಕೂರುವುದು ಯಾಕೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಮಾದಾವರ, ನಾಗಸಂದ್ರ, ದಾಸರಹಳ್ಳಿ ಎಲ್ಲಾದರೂ ಇಳಿದು ಮೆಟ್ರೋ ಹತ್ತಿ. ನೇರ ಚಿಕ್ಕಪೇಟೆ, ಎಲ್ಲೂ ಬದಲಾಯಿಸುವುದು ಬೇಡ. ರೈಲಿನಲ್ಲಿ ಬಂದು ಯಶವಂತಪುರದಲ್ಲಿ ಇಳಿದವರಿಗೂ ಇದೇ ದಾರಿ.

ಹೊಸೂರು ರಸ್ತೆ, ಎಲೆಕ್ಟ್ರಾನಿಕ್ ಸಿಟಿ ಕಡೆಯವರು 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ ಹಿಡಿದು ಆರ್.ವಿ. ರಸ್ತೆಗೆ ಬನ್ನಿ. ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ. ಜಯನಗರ, ಸೌತ್ ಎಂಡ್ ವೃತ್ತ, ಲಾಲ್‌ಬಾಗ್, ನ್ಯಾಷನಲ್ ಕಾಲೇಜು ಆದಮೇಲೆ ರೈಲು ನೆಲದೊಳಗೆ ಇಳಿಯುತ್ತೆ. ನಂತರ ಮಾರುಕಟ್ಟೆ, ಅದರ ನಂತರ ಚಿಕ್ಕಪೇಟೆ.

ಮೈಸೂರು, ಮಂಡ್ಯ ಕಡೆಯಿಂದ ಬಸ್ಸಿನಲ್ಲಿ ಬಂದು ಕೆಂಗೇರಿಯಲ್ಲೋ ಮೈಸೂರು ರಸ್ತೆಯಲ್ಲೋ ಇಳಿದವರು, ಆಚೆ ವೈಟ್‌ಫೀಲ್ಡ್, ಕೆ.ಆರ್. ಪುರದವರು ನೇರಳೆ ಮಾರ್ಗದಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಬದಲಾಯಿಸಬೇಕು. ಸಿಟಿ ರೈಲ್ವೆ ನಿಲ್ದಾಣದಲ್ಲಿ ಇಳಿದವರು ಮುಂಭಾಗದಿಂದ ಹೊರಬಂದರೆ ಮೆಜೆಸ್ಟಿಕ್ ಮೆಟ್ರೋ ಎದುರಿಗೇ ಇದೆ. ಅಲ್ಲೇ ಹಸಿರು ಮಾರ್ಗ ಹತ್ತಿ. ಒಂದೇ ನಿಲ್ದಾಣದ ದೂರ. ಮೂಟೆ ಇಲ್ಲದವರು, ಬಿಸಿಲು ಇಲ್ಲದ ಹೊತ್ತಲ್ಲಿ ನಡೆದುಕೊಂಡೇ ಹೋಗಬಹುದು ಅನ್ನಿ.

3. ಟಿಕೆಟ್: ಮೆಟ್ಟಿಲು ಇಳಿಯುವ ಮುಂಚೆ

ಮೊಬೈಲಿನಲ್ಲಿ ಕ್ಯೂಆರ್ ಟಿಕೆಟ್ ತೆಗೆಯುವವರು ರಸ್ತೆ ಮೇಲೆ ಇರುವಾಗಲೇ ತೆಗೆದುಬಿಡಿ. ವಾಟ್ಸಾಪ್‌ನಲ್ಲೂ ಸಿಗುತ್ತೆ, 2022ರ ನವೆಂಬರ್‌ನಿಂದ ಆ ಸೌಲಭ್ಯ ಇದೆ. ಕೆಳಗೆ ಹೋದಮೇಲೆ ಸಿಗ್ನಲ್ ಕೈಕೊಟ್ಟರೆ ಹಣ ಹೋಗಿ ಟಿಕೆಟ್ ಬರದೆ ಗೇಟಿನ ಮುಂದೆ ನಿಂತು ಬೆವರಬೇಕಾಗುತ್ತೆ.

2025ರ ಫೆಬ್ರವರಿಯಲ್ಲಿ ದರ ಏರಿದ ಮೇಲೆ ಕನಿಷ್ಠ 10 ರೂಪಾಯಿ, ಗರಿಷ್ಠ 90 ರೂಪಾಯಿ. ಕಾರ್ಡ್ ಇದ್ದರೆ ಶೇ. 5 ರಿಯಾಯಿತಿ. ವಾರದ ದಿನಗಳಲ್ಲಿ ಮಧ್ಯಾಹ್ನ 12ರಿಂದ 4ರ ನಡುವೆ, ಭಾನುವಾರವಾದರೆ ದಿನಪೂರ್ತಿ ಅದು ಶೇ. 10 ಆಗುತ್ತೆ. ಪೇಟೆಗೆ ಬರುವವರಿಗೆ ಆ ಮಧ್ಯಾಹ್ನದ ಹೊತ್ತು ಬೇರೆ ಕಾರಣಕ್ಕೂ ಒಳ್ಳೆಯದು, ಅದನ್ನು ಕೊನೆಗೆ ಹೇಳ್ತೀನಿ. ಕಾರ್ಡ್‌ನಲ್ಲಿ 90 ರೂಪಾಯಿಗಿಂತ ಕಡಿಮೆ ಇದ್ದರೆ ಗೇಟು ತೆರೆಯಲ್ಲ, ನೀವು ಹೋಗುವುದು ಹತ್ತು ರೂಪಾಯಿ ದೂರ ಆದರೂ ಸರಿ. 3 ಅಡಿಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಟಿಕೆಟ್ ಬೇಡ.

ಟೋಕನ್ ತೆಗೆದುಕೊಂಡರೆ ಅದನ್ನು ಜೇಬಿನ ಚಿಲ್ಲರೆ ಜೊತೆ ಹಾಕಬೇಡಿ. ಹೊರಬರುವಾಗ ಗೇಟಿನ ಸಂದಿಗೆ ಹಾಕಬೇಕಾದ್ದು ಅದನ್ನೇ. ಹಿಂದೆ ಸಾಲು ಬೆಳೀತಾ ಇರುವಾಗ ಜೇಬು ತಡಕಾಡುವುದು ಯಾರಿಗೂ ಬೇಡ.

4. ಮೆಜೆಸ್ಟಿಕ್‌ನಲ್ಲಿ ಬದಲಾಯಿಸುವುದು

ಹೆಸರು ನಾಡಪ್ರಭು ಕೆಂಪೇಗೌಡ ನಿಲ್ದಾಣ, ಬಾಯಲ್ಲಿ ಮೆಜೆಸ್ಟಿಕ್. ಇಲ್ಲಿ ಎರಡು ಮಾರ್ಗಗಳು ಒಂದರ ಮೇಲೊಂದು ಅಡ್ಡ ಹಾಯುತ್ತವೆ. ನೇರಳೆ ಮೇಲೆ, ಹಸಿರು ಅದರ ಕೆಳಗೆ. ಆದ್ದರಿಂದ ನೇರಳೆ ರೈಲಿನಿಂದ ಇಳಿದವರು ಮೇಲೆ ಹತ್ತಬಾರದು, ಇನ್ನೂ ಕೆಳಗೆ ಇಳಿಯಬೇಕು. ಇದೊಂದನ್ನು ಮರೆತು ಜನರ ಹಿಂದೆ ಹೋಗಿ ಹೊರಗೆ ಬಿದ್ದರೆ ಮತ್ತೆ ಟಿಕೆಟ್, ಮತ್ತೆ ಬ್ಯಾಗ್ ತಪಾಸಣೆ. ಹಸಿರು ಬಣ್ಣದ ಫಲಕ ಹುಡುಕಿ, ಅದನ್ನೇ ಹಿಡಿದು ಹೋಗಿ. ಜನ ಎಷ್ಟೇ ನೂಕಿದರೂ ಫಲಕದಿಂದ ಕಣ್ಣು ತೆಗೆಯಬೇಡಿ.

ಕೆಳಗೆ ಬಂದಮೇಲೆ ಇನ್ನೊಂದು ಮೋಸ ಇದೆ. ನೆಲದ ಮೇಲಿನ ನಿಲ್ದಾಣಗಳಲ್ಲಿ ಸಾಮಾನ್ಯವಾಗಿ ಹೋಗುವುದಕ್ಕೆ ಒಂದು ಪ್ಲಾಟ್‌ಫಾರ್ಮ್, ಬರುವುದಕ್ಕೆ ಎದುರುಗಡೆ ಇನ್ನೊಂದು. ನಡುವೆ ಹಳಿ. ಇಲ್ಲಿ ಉಲ್ಟಾ. ಎರಡು ಸುರಂಗ ಎರಡು ಬದಿಗೆ, ನಡುವೆ ಒಂದೇ ಪ್ಲಾಟ್‌ಫಾರ್ಮ್. ನಿಮ್ಮ ಎಡಕ್ಕೆ ಬಂದದ್ದೂ ರೈಲು, ಬಲಕ್ಕೆ ಬಂದದ್ದೂ ರೈಲು. ಎರಡೂ ಒಂದೇ ಥರ ಕಾಣುತ್ತವೆ. ಅವಸರದಲ್ಲಿ ಮೊದಲು ಬಂದದ್ದಕ್ಕೆ ಹತ್ತಿದರೆ ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿದು ವಾಪಸ್ ಬರಬೇಕಾದೀತು. ಚಿಕ್ಕಪೇಟೆಗೆ ಹೋಗುವುದು ರೇಷ್ಮೆ ಸಂಸ್ಥೆ ಕಡೆಯ ರೈಲು. ಹತ್ತುವ ಮುಂಚೆ ತಲೆ ಎತ್ತಿ ಫಲಕದಲ್ಲಿ ಆ ಹೆಸರು ಇದೆಯಾ ನೋಡಿ. ರೈಲು ಸಾಗುವ ದಿಕ್ಕಿನ ಮೊದಲ ಬೋಗಿ ಹೆಂಗಸರಿಗೆ ಮೀಸಲು.

ಹಳದಿ ಗೆರೆಯಿಂದ ಹಿಂದೆ ನಿಲ್ಲಿ ಅಂತ ಎಲ್ಲರೂ ಹೇಳುತ್ತಾರೆ, ಯಾಕೆ ಅಂತ ಯಾರೂ ಹೇಳಲ್ಲ. ನಮ್ಮ ಮೆಟ್ರೋಗೆ ಕರೆಂಟು ತಲೆ ಮೇಲಿನ ತಂತಿಯಿಂದ ಬರುವುದಿಲ್ಲ. ಹಳಿಯ ಪಕ್ಕದಲ್ಲೇ ಓಡುವ ಮೂರನೇ ಹಳಿಯಲ್ಲಿ 750 ವೋಲ್ಟ್ ಇರುತ್ತೆ. ಮೊಬೈಲೋ ಚಪ್ಪಲಿಯೋ ಕೆಳಗೆ ಬಿದ್ದರೆ ಇಳಿಯುವ ಯೋಚನೆಯೇ ಬೇಡ. ಸಿಬ್ಬಂದಿಗೆ ಹೇಳಿ, ಅವರು ತೆಗೆಸಿಕೊಡುತ್ತಾರೆ.

ಮೆಜೆಸ್ಟಿಕ್‌ನಿಂದ ಚಿಕ್ಕಪೇಟೆಗೆ ಎರಡು ನಿಮಿಷವೂ ಜಾಸ್ತಿ ಆಗಲ್ಲ. ಹತ್ತಿದ ತಕ್ಷಣ ಬಾಗಿಲ ಹತ್ತಿರವೇ ನಿಲ್ಲಿ, ಒಳಗೆ ಹೋಗಿ ಕೂರಬೇಡಿ. ಈ ಪುಟ್ಟ ದೂರಕ್ಕೆ ಸುರಂಗ ಕೊರೆಯಲು ಗೋದಾವರಿ, ಕೃಷ್ಣಾ ಅಂತ ಎರಡು ಯಂತ್ರಗಳು ತಿಣುಕಾಡಿದ್ದವು. ಇಲ್ಲಿಯ ನೆಲದಲ್ಲಿ ಒಂದು ಕಡೆ ಮಣ್ಣು, ಒಂದು ಕಡೆ ಕಲ್ಲುಬಂಡೆ. ಮೇಲೆ ಒತ್ತೊತ್ತಾಗಿ ಹಳೇ ಕಟ್ಟಡಗಳು. ಕೊನೆಗೂ 2017ರ ಜೂನ್‌ನಲ್ಲಿ ಈ ಭಾಗ ಓಡಾಟಕ್ಕೆ ಸಿಕ್ಕಿತು. ಮುಂದಿನ ನಿಲ್ದಾಣ ಚಿಕ್ಕಪೇಟೆ ಅಂತ ಕನ್ನಡದಲ್ಲಿ ಹೇಳುವ ದನಿ ಕಿವಿಗೊಟ್ಟು ಕೇಳಿ. ನಮ್ಮ ಮೆಟ್ರೋದ ಕನ್ನಡ ಪ್ರಕಟಣೆಗಳಿಗೆ ದನಿ ಕೊಟ್ಟವರು ನಿರೂಪಕಿ ಅಪರ್ಣಾ. 2024ರ ಜುಲೈನಲ್ಲಿ ಅವರು ತೀರಿಕೊಂಡರು. ಅವರ ದನಿ ಕೇಳಿದಾಗ ನಮ್ಮ ಚಿಕ್ಕಮ್ಮ ಈಗಲೂ ಮಾತು ನಿಲ್ಲಿಸುತ್ತಾರೆ.

5. ಇಳಿದ ಕೂಡಲೇ ದಿಕ್ಕು ಹಿಡಿಯಿರಿ

ಇದೇ ಈ ಬರಹದ ಹೂರಣ. ರೈಲು ಇಳಿದವರೆಲ್ಲ ಎಸ್ಕಲೇಟರ್ ಕಡೆ ಓಡುತ್ತಾರೆ. ನೀವು ಓಡಬೇಡಿ. ಒಂದು ಕಂಬದ ಪಕ್ಕಕ್ಕೆ ಸರಿದು ನಿಲ್ಲಿ. ನೀವು ಬಂದ ರೈಲು ಹೊರಟುಹೋಗುವುದನ್ನು ನೋಡಿ.

ಮೆಜೆಸ್ಟಿಕ್‌ನಿಂದ ಬಂದಿದ್ದರೆ ಆ ರೈಲು ಹೋಗಿದ್ದು ದಕ್ಷಿಣಕ್ಕೆ, ಮಾರುಕಟ್ಟೆಯ ಕಡೆಗೆ. ಅದು ಹೋದ ದಿಕ್ಕಿಗೆ ಮುಖ ಮಾಡಿ ನಿಂತರೆ ನಿಮ್ಮ ಎಡಗೈ ಕಡೆ ಪೂರ್ವ. ಅಂದರೆ ದೊಡ್ಡಪೇಟೆ ಚೌಕ, ಅವೆನ್ಯೂ ರಸ್ತೆ, ಅದನ್ನು ದಾಟಿದರೆ ನಗರ್ತಪೇಟೆ. ಬಲಗೈ ಕಡೆ ಕಾಟನ್‌ಪೇಟೆ, ಅಕ್ಕಿಪೇಟೆ. ಬೆನ್ನ ಹಿಂದೆ ಬಳೇಪೇಟೆ, ಸುಲ್ತಾನ್‌ಪೇಟೆ, ಅದಕ್ಕೂ ಹಿಂದೆ ಮೆಜೆಸ್ಟಿಕ್.

ಜಯನಗರದ ಕಡೆಯಿಂದ ಬಂದಿದ್ದರೆ ಇದನ್ನೇ ತಿರುಗಿಸಿ. ಆಗ ರೈಲು ಹೋಗಿದ್ದು ಉತ್ತರಕ್ಕೆ. ಬಲಗೈ ಕಡೆ ಅವೆನ್ಯೂ ರಸ್ತೆ, ಎಡಗೈ ಕಡೆ ಕಾಟನ್‌ಪೇಟೆ, ಮುಂದೆ ಬಳೇಪೇಟೆ.

ಇದನ್ನು ತಲೆಯಲ್ಲಿ ಇಟ್ಟುಕೊಂಡು ಮೇಲಿನ ಹಾಲ್‌ಗೆ ಬನ್ನಿ. ಟಿಕೆಟ್ ಗೇಟ್ ದಾಟುವ ಮುಂಚೆ ಎರಡನೇ ಸಲ ನಿಲ್ಲಿ. ಹೊರದಾರಿ ಫಲಕಗಳನ್ನೂ ಗೋಡೆ ಮೇಲಿನ ಸುತ್ತಮುತ್ತಲ ನಕ್ಷೆಯನ್ನೂ ಓದಿ. ಅಂಗಡಿಯವರಿಗೆ ಫೋನ್ ಮಾಡಿ ಕೇಳುವುದಾದರೆ "ಎಲ್ಲಿ ಬರುತ್ತೆ?" ಅಂತ ಕೇಳಬೇಡಿ. "ಮೆಟ್ರೋದಲ್ಲಿ ಯಾವ ಗೇಟಿಂದ ಹೊರಗೆ ಬರಬೇಕು?" ಅಂತ ಕೇಳಿ. ದಿನಾ ಹತ್ತು ಜನಕ್ಕೆ ದಾರಿ ಹೇಳಿ ರೂಢಿ ಇರುವ ಪೇಟೆಯವರು ಅದನ್ನು ಸರಿಯಾಗಿ ಹೇಳುತ್ತಾರೆ. ಸಿಗ್ನಲ್ ಸಿಗದಿದ್ದರೆ ಗೇಟಿನಲ್ಲಿರುವ ಭದ್ರತಾ ಸಿಬ್ಬಂದಿಯನ್ನು ಕೇಳಿ. ಅಂಗಡಿ ಹೆಸರು ಹೇಳಿದರೆ ಅವರಿಗೆ ಗೊತ್ತಾಗದೆ ಇರಬಹುದು, ಪೇಟೆ ಹೆಸರು ಹೇಳಿ.

ಮಂಡಿ ನೋವಿನವರು, ವಯಸ್ಸಾದವರು ಜೊತೆಗಿದ್ದರೆ ಇನ್ನೊಂದು ವಿಷಯ. ಎಲ್ಲ ಹೊರದಾರಿಗೂ ಲಿಫ್ಟ್ ಇರಲ್ಲ. ಲಿಫ್ಟ್ ಎಲ್ಲಿದೆ ಅಂತ ಹಾಲ್‌ನಲ್ಲೇ ಕೇಳಿಕೊಂಡು ಹೋಗಿ. ಅದು ನಿಮಗೆ ಬೇಕಾದ ದಿಕ್ಕಿನದು ಆಗದಿದ್ದರೂ ಪರವಾಗಿಲ್ಲ, ರಸ್ತೆ ಮಟ್ಟದಲ್ಲಿ ನಡೆಯುವುದು ಮೆಟ್ಟಿಲು ಹತ್ತುವುದಕ್ಕಿಂತ ಮೇಲು. ಶೌಚಾಲಯಕ್ಕೆ ಹೋಗುವುದಿದ್ದರೆ ನಿಲ್ದಾಣದಲ್ಲೇ ವಿಚಾರಿಸಿ ಮುಗಿಸಿಕೊಳ್ಳಿ. ಪೇಟೆ ಗಲ್ಲಿಗಳಲ್ಲಿ ಹುಡುಕುವುದು ಕಷ್ಟ, ಅದರಲ್ಲೂ ಹೆಂಗಸರಿಗೆ.

6. ರಸ್ತೆಗೆ ಬಂದಮೇಲೆ

ಹೊರಬಂದ ಬಾಗಿಲಿನ ಒಂದು ಫೋಟೋ ತೆಗೆದುಕೊಳ್ಳಿ, ಪಕ್ಕದ ಅಂಗಡಿ ಬೋರ್ಡ್ ಸಮೇತ. ಸಂಜೆ ಕೈತುಂಬ ಚೀಲ ಹಿಡಿದು ವಾಪಸ್ ಬರುವಾಗ ಅದೇ ದಾರಿದೀಪ.

ನಕ್ಷೆ ಐದು ನಿಮಿಷದ ನಡಿಗೆ ಅಂದರೆ ಹತ್ತು ನಿಮಿಷ ಅಂತ ಓದಿಕೊಳ್ಳಿ. ಶ್ರಾವಣದಲ್ಲಿ, ದೀಪಾವಳಿ ಮುಂಚೆ ಹದಿನೈದು. ಕೈಗಾಡಿ, ಸ್ಕೂಟರ್, ತಲೆ ಮೇಲೆ ಬಟ್ಟೆ ಗಂಟು ಹೊತ್ತ ಹಮಾಲರು ಎಲ್ಲರೂ ಅದೇ ಹತ್ತು ಅಡಿ ಜಾಗದಲ್ಲಿ ಹೋಗಬೇಕು. "ಸೈಡ್, ಸೈಡ್" ಅಂತ ಹಿಂದಿನಿಂದ ಕೂಗು ಕೇಳಿದರೆ ತಿರುಗಿ ನೋಡುತ್ತಾ ನಿಲ್ಲಬೇಡಿ, ಮೊದಲು ಗೋಡೆ ಕಡೆ ಸರಿಯಿರಿ.

ದಾರಿ ಪೂರ್ತಿ ತಪ್ಪಿದರೆ ಗಾಬರಿ ಬೇಡ. ಯಾರನ್ನಾದರೂ ಅವೆನ್ಯೂ ರಸ್ತೆ ಎಲ್ಲಿ ಅಂತ ಕೇಳಿ. ಅಲ್ಲಿಂದ ಚಿಕ್ಕಪೇಟೆ ಮುಖ್ಯರಸ್ತೆ ಹಿಡಿದು ಪಡುವಣಕ್ಕೆ ನಡೆದರೆ ನಿಲ್ದಾಣದ ಕಡೆಗೇ ಬರುತ್ತೀರಿ. ಅವೆನ್ಯೂ ರಸ್ತೆಯಲ್ಲೇ ದಕ್ಷಿಣಕ್ಕೆ ನಡೆದರೆ ಮಾರುಕಟ್ಟೆ. ಅಲ್ಲೂ ಮೆಟ್ರೋ ಇದೆ. ವಾಪಸ್ ಬರುವುದಕ್ಕೆ ಹತ್ತಿದ ನಿಲ್ದಾಣವೇ ಆಗಬೇಕು ಅಂತೇನೂ ಇಲ್ಲವಲ್ಲ. ನಾನಂತೂ ಚಿಕ್ಕಪೇಟೆಯಲ್ಲಿ ಇಳಿದು, ಬಟ್ಟೆ ಮುಗಿಸಿ, ಪುಸ್ತಕ ನೋಡಿಕೊಂಡು ಹೋಗಿ ಮಾರುಕಟ್ಟೆಯಲ್ಲಿ ಹೂವು ತಗೊಂಡು ಅಲ್ಲೇ ಹತ್ತುತ್ತೇನೆ. ಬಂದ ದಾರಿಯಲ್ಲೇ ವಾಪಸ್ ನಡೆಯುವುದು ತಪ್ಪುತ್ತೆ.

ಕರಗದ ರಾತ್ರಿ ಬರುವವರಿಗೆ ಒಂದು ಮಾತು. ಧರ್ಮರಾಯಸ್ವಾಮಿ ದೇವಸ್ಥಾನದಿಂದ ಕರಗ ಹೊರಡುವುದು ನಡುರಾತ್ರಿ ಆದಮೇಲೆ. ಮೆಟ್ರೋ ಸಾಮಾನ್ಯವಾಗಿ ನಿಲ್ಲುವುದು ರಾತ್ರಿ 11ರ ಸುಮಾರಿಗೆ. ಬರುವುದಕ್ಕೆ ಮೆಟ್ರೋ ಆಯಿತು, ಹೋಗುವುದಕ್ಕೆ ಬೇರೆ ಏರ್ಪಾಡು ಮಾಡಿಕೊಂಡಿರಿ.

7. ಚೀಲಗಳ ಜೊತೆ ವಾಪಸ್

ತಪಾಸಣೆ ಯಂತ್ರದಲ್ಲಿ ಎಲ್ಲ ಚೀಲವೂ ಹೋಗಬೇಕು. ಪೇಟೆಯಲ್ಲಿ ಏನು ಕೊಂಡಿರಿ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುತ್ತೆ. ಈಳಿಗೆಮಣೆ, ದೊಡ್ಡ ಚಾಕು, ಮಚ್ಚು ಇದ್ದರೆ ನಿಲ್ಲಿಸುತ್ತಾರೆ. ಪಟಾಕಿ, ಥಿನ್ನರ್, ಸೀಮೆಎಣ್ಣೆ ಥರದ ಹೊತ್ತಿಕೊಳ್ಳುವ ಸಾಮಾನು ಬಿಡುವುದಿಲ್ಲ. ಅಂಥದ್ದು ಕೊಳ್ಳುವ ದಿನ ಆಟೋನೋ ಬಸ್ಸೋ ಲೆಕ್ಕ ಹಾಕಿಕೊಂಡೇ ಬನ್ನಿ. ವಾದ ಮಾಡಿ ಉಪಯೋಗ ಇಲ್ಲ. ತೀರಾ ದೊಡ್ಡ ಚೀಲಕ್ಕೆ ಬೇರೆ ದುಡ್ಡು ಕೊಡಬೇಕಾಗಬಹುದು. ಮದುವೆ ಸಾಮಾನು ಪೂರ್ತಿ ಕೊಂಡಿದ್ದರೆ ಅಂಗಡಿಯವರಿಗೇ ಪಾರ್ಸೆಲ್ ಮಾಡಿ ಊರಿಗೆ ಕಳಿಸೋಕೆ ಹೇಳಿ. ರಸೀದಿ ಕೇಳಿ ಇಸ್ಕೊಳ್ಳಿ, ಸೀರೆಗಳ ಫೋಟೋ ತೆಗೆದಿಟ್ಟುಕೊಳ್ಳಿ. ನಮಗೆ ಒಂದು ಅಂಗಡಿಯಿಂದ ಬಂದ ಗಂಟಿನಲ್ಲಿ ಎರಡು ಸೀರೆ ಬದಲಾಗಿದ್ದವು. ಫೋಟೋ ಇದ್ದದ್ದಕ್ಕೆ ಬಚಾವಾದೆವು.

ನಿಲ್ದಾಣದೊಳಗೆ ತಿನ್ನುವ ಹಾಗಿಲ್ಲ. ಕಟ್ಟಿಸಿಕೊಂಡ ಜಿಲೇಬಿ ಕಟ್ಟಾಗಿಯೇ ಇರಲಿ.

ಇನ್ನು ಹೊತ್ತು. ಸಂಜೆ ಐದೂವರೆಯಿಂದ ಎಂಟರ ತನಕ ಚಿಕ್ಕಪೇಟೆಯಲ್ಲಿ ಹತ್ತುವುದು ಪೈಲ್ವಾನರ ಕೆಲಸ. ಜಯನಗರದ ಕಡೆಗೆ ಹೋಗುವ ರೈಲು ಮೆಜೆಸ್ಟಿಕ್‌ನಲ್ಲೇ ತುಂಬಿ ಬರುತ್ತೆ. ಮಧ್ಯಾಹ್ನ ನಾಲ್ಕಕ್ಕೆ ಮುಂಚೆ ಹತ್ತಿದರೆ ಕಾರ್ಡಿನ ಹತ್ತು ಪರ್ಸೆಂಟೂ ಉಳಿಯುತ್ತೆ, ಸೀರೆ ಚೀಲಕ್ಕೂ ಜಾಗ ಸಿಗುತ್ತೆ. ಆಗಲಿಲ್ಲವಾ? ಹಾಗಾದರೆ ಎಂಟರ ತನಕ ಪೇಟೆಯಲ್ಲೇ ಇದ್ದುಬಿಡಿ. ಆ ಹೊತ್ತಿಗೆ ಅಂಗಡಿಗಳೂ ಬಾಗಿಲು ಹಾಕಲು ಶುರು ಮಾಡಿರುತ್ತವೆ.

ಮೆಜೆಸ್ಟಿಕ್, ಯಶವಂತಪುರ, ತುಮಕೂರು ರಸ್ತೆ ಕಡೆಯವರು ಮಾದಾವರ ಅಂತ ಇರುವ ಬದಿಗೆ ನಿಲ್ಲಿ. ಜಯನಗರ, ಬನಶಂಕರಿ ಕಡೆಯವರು ರೇಷ್ಮೆ ಸಂಸ್ಥೆ ಬದಿಗೆ. ಪ್ಲಾಟ್‌ಫಾರ್ಮ್ ಒಂದೇ ಅನ್ನೋದು ನೆನಪಿರಲಿ, ಎರಡೂ ರೈಲು ಒಟ್ಟಿಗೆ ಬಂದಾಗ ಚೀಲ ಹಿಡಿದವರು ಒಂದು ಕಡೆ, ಟಿಕೆಟ್ ಹಿಡಿದವರು ಇನ್ನೊಂದು ಕಡೆ ಹತ್ತಿಬಿಡುವುದುಂಟು. ಅದಕ್ಕೇ ನಮ್ಮ ಚಿಕ್ಕಮ್ಮ ಈಗ ಪ್ರತಿಯೊಬ್ಬರ ಕೈಗೂ ಅವರವರ ಟೋಕನ್ ಕೊಟ್ಟೇ ಕೆಳಗೆ ಇಳಿಸುವುದು.